ನಿತ್ಯ ಗರಿಷ್ಠ ಭಾರ: ಸಾಧನೆಯೋ, ಸ್ವಯಂಹಿಂಸೆಯೋ?

ನಮ್ಮ ಮುಂಬಯಿಯ ಉಪನಗರಗಳಲ್ಲಿ ಇಂದು ಜಿಮ್ ಇಲ್ಲದ ಗಲ್ಲಿಯಿಲ್ಲ. ಇದು ಸಂತೋಷದ ಸಂಗತಿಯೇ ಸರಿ. ಸಿಗರೇಟು ಸೇದುತ್ತ ನಾಕಾದಲ್ಲಿ ನಿಲ್ಲುವುದಕ್ಕಿಂತ ನಮ್ಮ ಹುಡುಗರು ಕಬ್ಬಿಣ ಎತ್ತುವುದು ಸಾವಿರ ಪಾಲು ಮೇಲು. ಆದರೆ ಈಚಿನ ಕೆಲವು ವರ್ಷಗಳಿಂದ ಈ ಜಿಮ್‌ಗಳೊಳಗೆ ಒಂದು ಹೊಸ ಮಂತ್ರ ಕೇಳಿಬರುತ್ತಿದೆ. “ದಿನವೂ ಎತ್ತು, ದಿನವೂ ನಿನ್ನ ಕೈಲಾಗುವ ಗರಿಷ್ಠ ಭಾರವನ್ನೇ ಎತ್ತು, ವಿಶ್ರಾಂತಿ ದುರ್ಬಲರಿಗೆ” ಎಂಬುದೇ ಆ ಮಂತ್ರ. ಮೊಬೈಲಿನ ಪರದೆಯ ಮೇಲೆ ನೋಡಿದ್ದನ್ನು ಕೋಚ್ ಎನಿಸಿಕೊಂಡವರು ಉಪದೇಶಿಸುತ್ತಾರೆ, ಹುಡುಗರು ವೇದವಾಕ್ಯವೆಂದು ನಂಬುತ್ತಾರೆ. ಇದಕ್ಕೆ “ಬಲ್ಗೇರಿಯನ್ ಪದ್ಧತಿ” ಎಂಬ ಘನವಾದ ಹೆಸರು ಬೇರೆ. ಈ ಮಂತ್ರ ತಪ್ಪು, ಅಪಾಯಕಾರಿ, ಮತ್ತು ನಮ್ಮಂಥ ಕುಟುಂಬಗಳ ಹುಡುಗರಿಗೆ ಎಳ್ಳಷ್ಟೂ ಹೊಂದದ್ದು ಎಂದು ಹೇಳುವುದಕ್ಕಾಗಿಯೇ ಈ ಲೇಖನ.

“ಗುಮಾಸ್ತರಿಗೇಕೆ ಗದೆಯ ಗೊಡವೆ?” ಎಂದು ಕೆಲವರು ಕೇಳಬಹುದು. ಕೇಳಲಿ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತಿರುವ ನಮಗೆ ಭಾರ ಎತ್ತುವ ಯೋಗ್ಯತೆ ಇಲ್ಲದಿರಬಹುದು. ಲೆಕ್ಕ ನೋಡುವ ಅಭ್ಯಾಸವಂತೂ ಇದೆ. ಬಿ.ಎಸ್‌ಸಿ. ತರಗತಿಯಲ್ಲಿ ಕಲಿತದ್ದರಲ್ಲಿ ಒಂದು ಮಾತು ಇನ್ನೂ ಮರೆತಿಲ್ಲ: ಪ್ರಯೋಗದ ಫಲವನ್ನು ಒಪ್ಪುವ ಮೊದಲು ಆ ಪ್ರಯೋಗ ನಡೆದ ಪರಿಸ್ಥಿತಿಯನ್ನು ನೋಡು. ಬಲ್ಗೇರಿಯದ ಫಲವನ್ನು ಎಲ್ಲರೂ ನೋಡಿದರು. ಪರಿಸ್ಥಿತಿಯನ್ನು ಯಾರೂ ನೋಡಲಿಲ್ಲ. ನಮ್ಮ ತಕರಾರು ಇರುವುದೇ ಇಲ್ಲಿ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಪವರ್‌ಲಿಫ್ಟಿಂಗ್ ಎಂಬುದು ಮೂರು ಪಟ್ಟುಗಳ ಸ್ಪರ್ಧೆ. ಹೆಗಲ ಮೇಲೆ ಭಾರ ಹೊತ್ತು ಕುಕ್ಕರಿಸಿ ಏಳುವುದು ಸ್ಕ್ವಾಟ್. ಬೆಂಚಿನ ಮೇಲೆ ಅಂಗಾತ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು ಬೆಂಚ್ ಪ್ರೆಸ್. ನೆಲದಿಂದ ತೊಡೆಯವರೆಗೆ ಎತ್ತಿ ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್. ಇದರ ಅಂತಾರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದದ್ದು 1972ರಲ್ಲಿ. ಒಲಿಂಪಿಕ್ಸಿನಲ್ಲಿರುವ ವೇಟ್‌ಲಿಫ್ಟಿಂಗ್ ಬೇರೆ. ಅಲ್ಲಿ ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ಎಂಬ ಎರಡೇ ಪಟ್ಟುಗಳು, ಎರಡರಲ್ಲೂ ಭಾರ ತಲೆಯ ಮೇಲಕ್ಕೆ ಹೋಗಬೇಕು. ಈ ಎರಡು ಆಟಗಳು ದಾಯಾದಿಗಳೇ ಹೊರತು ಒಂದೇ ಅಲ್ಲ. ಈ ವ್ಯತ್ಯಾಸ ಮುಂದೆ ನಮ್ಮ ವಾದಕ್ಕೆ ಬೇಕಾಗುತ್ತದೆ.

ತಂದೆತಾಯಿಗಳಿಗೆ ಇದರಲ್ಲಿ ಆಸಕ್ತಿ ಹುಟ್ಟಿರುವುದು ಪದಕಕ್ಕಾಗಿ ಮಾತ್ರವಲ್ಲ. ಕೇಂದ್ರ ಸರ್ಕಾರದ ನೌಕರಿಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳುವ ಪಟ್ಟಿಯಲ್ಲಿ ಪವರ್‌ಲಿಫ್ಟಿಂಗ್ ಕೂಡ ಸೇರಿದೆ. ಊರಲ್ಲಿ ಜಮೀನಿಲ್ಲದ, ಇಲ್ಲಿ ಸ್ವಂತ ಮನೆಯಿಲ್ಲದ ಕುಟುಂಬಕ್ಕೆ “ಸ್ಪೋರ್ಟ್ಸ್ ಕೋಟಾ” ಎಂಬ ಎರಡು ಶಬ್ದಗಳು ಎಷ್ಟು ಸಿಹಿಯಾಗಿ ಕೇಳಿಸುತ್ತವೆ ಎಂಬುದು ನಮಗೆ ಗೊತ್ತು. ಆ ಆಸೆಯ ಬೆನ್ನಿಗೇ ಅವಸರ ಹುಟ್ಟುತ್ತದೆ. ಅವಸರದ ಬೆನ್ನಿಗೆ ಬಲ್ಗೇರಿಯ ಬರುತ್ತದೆ.

ಈಗ ಆ ಬಲ್ಗೇರಿಯದ ಕಥೆಯನ್ನೇ ನೋಡೋಣ. ಸಲ್ಲಬೇಕಾದ ಮಾನವನ್ನು ಮೊದಲು ಸಲ್ಲಿಸಿಬಿಡುತ್ತೇವೆ. 1960ರ ದಶಕದ ಕೊನೆಯಲ್ಲಿ ಇವಾನ್ ಅಬಾಜಿಯೆವ್ ಎಂಬಾತ ಆ ದೇಶದ ವೇಟ್‌ಲಿಫ್ಟಿಂಗ್ ತಂಡದ ಮುಖ್ಯ ತರಬೇತುದಾರನಾದ. ಆಗ ಬಲ್ಗೇರಿಯದ ಜನಸಂಖ್ಯೆ ಒಂದು ಕೋಟಿಗೂ ಕಡಿಮೆ. ಇಂದಿನ ನಮ್ಮ ಮುಂಬಯಿ ಅದಕ್ಕಿಂತ ದೊಡ್ಡದು. ಆದರೂ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಆ ಪುಟ್ಟ ದೇಶ ವೇಟ್‌ಲಿಫ್ಟಿಂಗ್ ಒಂದರಲ್ಲೇ 3 ಚಿನ್ನ, 3 ಬೆಳ್ಳಿ ಗೆದ್ದಿತು. ಬಲಾಢ್ಯ ಸೋವಿಯತ್ ಒಕ್ಕೂಟವೇ ಬೆರಗಾಗಿ ನೋಡಿತು. ಅಬಾಜಿಯೆವ್‌ನ ವಿಧಾನ ಸರಳ, ಕಠೋರ. ವ್ಯಾಯಾಮದ ಬಗೆಗಳು ಕೆಲವೇ ಕೆಲವು. ದಿನಕ್ಕೆ ಒಂದು ಸಲವಲ್ಲ, ಹಲವು ಸಲ ಅಭ್ಯಾಸ. ಪ್ರತಿ ಸಲವೂ ಆ ಹೊತ್ತಿನ ಗರಿಷ್ಠ ಭಾರದವರೆಗೆ ಏರುವುದು. ಆ ಗರಡಿಯಲ್ಲಿ ಬೆಳೆದ ನಯೀಮ್ ಸುಲೇಮಾನೋಗ್ಲು ಐದಡಿಯನ್ನೂ ಮುಟ್ಟದ ಎತ್ತರದವನು. 1986ರಲ್ಲಿ ಬಲ್ಗೇರಿಯವನ್ನು ಬಿಟ್ಟು, 1988ರ ಸೋಲ್ ಒಲಿಂಪಿಕ್ಸಿನಲ್ಲಿ ತುರ್ಕಿಯ ಪರವಾಗಿ 60 ಕಿಲೋ ವರ್ಗದಲ್ಲಿ ಇಳಿದು 190 ಕಿಲೋ ಕ್ಲೀನ್ ಅಂಡ್ ಜರ್ಕ್ ಮಾಡಿದ. ದೇಹತೂಕದ ಮೂರು ಪಟ್ಟಿಗಿಂತ ಹೆಚ್ಚು! ಇದನ್ನು ಸಾಧನೆ ಅಲ್ಲ ಎನ್ನಲು ನಾವು ಮತಿಗೆಟ್ಟವರಲ್ಲ.

ಆದರೆ ಕಥೆಯ ಉಳಿದ ಅಧ್ಯಾಯಗಳನ್ನು ಜಿಮ್ಮಿನ ಗುರುಗಳು ಓದಿಸುವುದಿಲ್ಲ. ಆ ಅಧ್ಯಾಯಗಳಲ್ಲಿ ಇರುವುದು ಇದು.

ಮೊದಲನೆಯದಾಗಿ, ಅಲ್ಲಿನ ಆಟಗಾರರಿಗೆ ಭಾರ ಎತ್ತುವುದೇ ಉದ್ಯೋಗ. ಊಟ, ವಸತಿ, ವೈದ್ಯ, ಸಂಬಳ ಎಲ್ಲವೂ ಸರ್ಕಾರದ್ದು. ಎರಡು ಅಭ್ಯಾಸಗಳ ನಡುವೆ ಅವರು ಮಾಡುತ್ತಿದ್ದ ಕೆಲಸ ವಿಶ್ರಾಂತಿ. “ವಿಶ್ರಾಂತಿ ದುರ್ಬಲರಿಗೆ” ಎಂದು ಗೋಡೆಯ ಮೇಲೆ ಬರೆಸುವವರು ಇದನ್ನು ಗಮನಿಸಬೇಕು: ಆ ಪದ್ಧತಿಯಲ್ಲಿ ವಿಶ್ರಾಂತಿಯೇ ಅರ್ಧ ಭಾಗ.

ಎರಡನೆಯದಾಗಿ, ಅವರನ್ನು ಎಳೆಯ ವಯಸ್ಸಿನಲ್ಲೇ ಆರಿಸಿ, ವರ್ಷಗಟ್ಟಲೆ ಹದಮಾಡಿ, ಅನಂತರ ಆ ಕುಲುಮೆಗೆ ಹಾಕುತ್ತಿದ್ದರು. ತಾಳಿಕೊಂಡವನು ವೇದಿಕೆಗೆ ಹೋದ. ತಾಳದವನು ಮನೆಗೆ ಹೋದ. ನಮಗೆ ಕಾಣುವುದು ವೇದಿಕೆಯ ಮೇಲಿನ ಆರು ಜನ ಮಾತ್ರ. ಪರೀಕ್ಷೆಯಲ್ಲಿ ಪಾಸಾದವರ ಪಟ್ಟಿಯನ್ನಷ್ಟೇ ಹಚ್ಚಿ, ಫೇಲಾದವರ ಹೆಸರು ಮುಚ್ಚಿಟ್ಟು, “ನಮ್ಮ ಶಾಲೆಯ ಫಲಿತಾಂಶ ನೂರಕ್ಕೆ ನೂರು” ಎಂದು ಸಾರಿದರೆ ಯಾವ ತಂದೆ ನಂಬುತ್ತಾನೆ?

ಮೂರನೆಯದು ಎಲ್ಲಕ್ಕಿಂತ ಕಹಿಯಾದದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಬಲ್ಗೇರಿಯದ ವ್ಯಾಲೆಂಟಿನ್ ಹ್ರಿಸ್ಟೋವ್‌ನ ಚಿನ್ನವನ್ನೂ ಬ್ಲಾಗೊಯ್ ಬ್ಲಾಗೊಯೆವ್‌ನ ಬೆಳ್ಳಿಯನ್ನೂ ಸ್ಟಿರಾಯ್ಡ್ ಸೇವನೆಯ ಕಾರಣಕ್ಕೆ ಕಿತ್ತುಕೊಳ್ಳಲಾಯಿತು. 1988ರ ಸೋಲ್‌ನಲ್ಲಿ ಮಿಟ್ಕೊ ಗ್ರಾಬ್ಲೆವ್, ಏಂಜೆಲ್ ಗೆಂಚೆವ್ ಇಬ್ಬರ ಚಿನ್ನಗಳೂ ಹೋದವು. ಇಬ್ಬರ ಮೂತ್ರದಲ್ಲೂ ಫ್ಯೂರೋಸಮೈಡ್ ಎಂಬ ಮದ್ದು ಸಿಕ್ಕಿತು, ತಂಡವೇ ಗಂಟುಮೂಟೆ ಕಟ್ಟಿತು. ದಶಕಗಳ ನಂತರವೂ ರೋಗ ಬಿಡಲಿಲ್ಲ: 2015ರಲ್ಲಿ 11 ಮಂದಿ ಬಲ್ಗೇರಿಯನ್ ಲಿಫ್ಟರುಗಳು ಸಿಕ್ಕಿಬಿದ್ದು, 2016ರ ರಿಯೊ ಒಲಿಂಪಿಕ್ಸಿನ ಬಾಗಿಲೇ ಆ ತಂಡಕ್ಕೆ ಮುಚ್ಚಿತು. ಸ್ಟಿರಾಯ್ಡ್ ಮಾಡುವ ಕೆಲಸವೇನು? ಸವೆದ ಸ್ನಾಯುವನ್ನು ಬೇಗ ಕಟ್ಟುತ್ತದೆ. ನಾಳೆ ಆಗಬೇಕಾದ ಚೇತರಿಕೆಯನ್ನು ಇಂದೇ ತರಿಸುತ್ತದೆ. ಮದ್ದಿನ ಬಲದ ಮೇಲೆ ಬರೆದ ವೇಳಾಪಟ್ಟಿಯನ್ನು ಮದ್ದಿಲ್ಲದ ಹುಡುಗನ ಕೈಗೆ ಕೊಡುವುದು ಎಂಥ ನ್ಯಾಯ? ಇಲ್ಲವೇ, ಆ ವೇಳಾಪಟ್ಟಿಯನ್ನು ನಿಭಾಯಿಸಲು ಅವನೂ ಮದ್ದಿಗೆ ಇಳಿಯಲಿ ಎಂಬುದೇ ಒಳಗಿನ ಅಭಿಪ್ರಾಯವೇ? ಹುಲಿಯ ಬರೆ ನೋಡಿ ನರಿ ಬರೆ ಎಳೆದುಕೊಂಡಿತೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಹುಲಿಯ ಬರೆಯೂ ಪೂರ್ತಿ ಹುಟ್ಟಿನಿಂದ ಬಂದದ್ದಾಗಿರಲಿಲ್ಲ!

ಈಗ ದಾಯಾದಿಗಳ ವ್ಯತ್ಯಾಸಕ್ಕೆ ಬರೋಣ. ಅಬಾಜಿಯೆವ್ ತನ್ನ ಪದ್ಧತಿಯನ್ನು ಕಟ್ಟಿದ್ದು ವೇಟ್‌ಲಿಫ್ಟಿಂಗ್‌ಗೆ. ಅವನ ಹುಡುಗರೂ ಸ್ಕ್ವಾಟ್ ಮಾಡುತ್ತಿದ್ದರು, ನಿಜ. ಆದರೆ ಅವರ ಮುಖ್ಯ ಪಟ್ಟುಗಳಲ್ಲಿ ಭಾರ ಒಂದೇ ಕ್ಷಣದಲ್ಲಿ ಮೇಲಕ್ಕೆ ಹಾರುತ್ತದೆ, ಅನಂತರ ಅದನ್ನು ನೆಲಕ್ಕೆ ಬಿಟ್ಟುಬಿಡಬಹುದು. ಪವರ್‌ಲಿಫ್ಟಿಂಗ್‌ನಲ್ಲಿ ಹಾಗಲ್ಲ. ಸ್ಕ್ವಾಟಿನಲ್ಲೂ ಬೆಂಚ್ ಪ್ರೆಸ್ಸಿನಲ್ಲೂ ಭಾರವನ್ನು ಮೊದಲು ತಡೆದು ತಡೆದು ಇಳಿಸಬೇಕು, ಆಮೇಲೆ ಎತ್ತಬೇಕು. ಸ್ನಾಯು ಹೆಚ್ಚು ಹರಿಯುವುದು, ಮಾರನೆಯ ದಿನ ನೋವು ಹುಟ್ಟುವುದು ಈ ಇಳಿಸುವ ಕೆಲಸದಿಂದಲೇ. ಇನ್ನು ಡೆಡ್‌ಲಿಫ್ಟಿನಲ್ಲಿ, ಅದೇ ಮನುಷ್ಯ ತಲೆಯ ಮೇಲೆ ಎತ್ತಬಲ್ಲ ಭಾರಕ್ಕಿಂತ ಎಷ್ಟೋ ಹೆಚ್ಚಿನ ಭಾರ ಸೊಂಟದ ಮೇಲೆ ಬೀಳುತ್ತದೆ. ಒಂದು ಆಟಕ್ಕೆ ಬರೆದ ಔಷಧದ ಚೀಟಿಯನ್ನು ಇನ್ನೊಂದಕ್ಕೆ ಕುರುಡಾಗಿ ಕೊಡುವಂತಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಾವು ಆಗಾಗ್ಗೆ ಅಭ್ಯಾಸ ಮಾಡುವುದರ ವಿರೋಧಿಗಳೆಂದು ತಿಳಿಯಬಾರದು. ಗೊಂದಲವಿರುವುದು ಶಬ್ದಗಳಲ್ಲಿ. ವಾರಕ್ಕೆ ಎಷ್ಟು ದಿನ ಎಂಬುದು ಒಂದು ಲೆಕ್ಕ. ಒಟ್ಟು ಎಷ್ಟು ಕೆಲಸ ಎಂಬುದು ಇನ್ನೊಂದು ಲೆಕ್ಕ. ತೀವ್ರತೆ ಎಂಬುದು ಮೂರನೆಯದು. ಶಾಸ್ತ್ರದಲ್ಲಿ ತೀವ್ರತೆ ಎಂದರೆ ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಶೇಕಡ ಎಷ್ಟು ಎಂಬುದು. ಜಿಮ್ಮಿನಲ್ಲಿ ತೀವ್ರತೆ ಎಂದರೆ ಕಿರುಚಾಟ, ಕೆಂಪಾದ ಕಣ್ಣು, ಕೊನೆಗೆ ನೆಲಕ್ಕುರುಳುವುದು! ಈ ಮೂರು ನಲ್ಲಿಗಳನ್ನೂ ಒಟ್ಟಿಗೆ ಪೂರ್ತಿ ತಿರುಗಿಸಿದರೆ ಬಕೆಟ್ಟು ತುಂಬುವುದಿಲ್ಲ, ಮನೆಯೇ ತುಂಬುತ್ತದೆ.

ಒಂದು ಚಿಕ್ಕ ಲೆಕ್ಕ ಹಾಕೋಣ. ಸ್ಕ್ವಾಟಿನಲ್ಲಿ 140 ಕಿಲೋ ಎತ್ತಬಲ್ಲ ಹುಡುಗನೊಬ್ಬ ಇದ್ದಾನೆ ಎನ್ನಿ. ಶೇಕಡ 75 ಎಂದರೆ 105 ಕಿಲೋ. ವಾರಕ್ಕೆ 3 ದಿನ, ದಿನಕ್ಕೆ 6 ಸೆಟ್, ಸೆಟ್ಟಿಗೆ 4 ಸಲ ಎತ್ತಿದರೆ 72 ಸಲ, ಒಟ್ಟು 7,560 ಕಿಲೋ. ಇದನ್ನೇ 6 ದಿನಕ್ಕೆ ಹಂಚಿ, ದಿನಕ್ಕೆ 3 ಸೆಟ್ ಮಾಡಿದರೂ ಅದೇ 72, ಅದೇ 7,560. ಪ್ರತಿದಿನದ ದಣಿವು ಅರ್ಧ, ಪಟ್ಟಿನ ರೂಢಿ ಎರಡು ಪಟ್ಟು ದಿನ. ಇದು ಬುದ್ಧಿವಂತಿಕೆ. ಆದರೆ ನಮ್ಮ ಜಿಮ್‌ಗಳಲ್ಲಿ ನಡೆಯುವುದು ಏನು? ದಿನ ಇಮ್ಮಡಿಯಾಗುತ್ತದೆ, ಸೆಟ್ಟು ಇಳಿಯುವುದಿಲ್ಲ. ಅಲ್ಲಿಗೆ 144 ಸಲ, 15,120 ಕಿಲೋ. ಅದರ ಮೇಲೆ ಪ್ರತಿ ಸಂಜೆ 140ರ “ಮ್ಯಾಕ್ಸ್” ಪ್ರಯತ್ನ! ಸಂಬಳ ಇದ್ದಷ್ಟೇ ಇದ್ದು ಖರ್ಚು ಮಾತ್ರ ಇಮ್ಮಡಿಯಾದ ಮನೆ ಎಷ್ಟು ತಿಂಗಳು ನಡೆದೀತು?

ಪ್ರಯೋಗಗಳೂ ಇದನ್ನೇ ಹೇಳುತ್ತವೆ. ನಾರ್ವೆಯಲ್ಲಿ 16 ಮಂದಿ ಪವರ್‌ಲಿಫ್ಟರುಗಳನ್ನು ಎರಡು ಗುಂಪು ಮಾಡಿ, ಒಂದೇ ಪ್ರಮಾಣದ ಕೆಲಸವನ್ನು ಕೆಲವರಿಗೆ ವಾರಕ್ಕೆ 3 ದಿನ, ಕೆಲವರಿಗೆ 6 ದಿನ ಹಂಚಿ 15 ವಾರ ನೋಡಿದರು. 2012ರಲ್ಲಿ ಇದು ಸಮ್ಮೇಳನವೊಂದರಲ್ಲಿ ಮಂಡನೆಯಾಯಿತು. 6 ದಿನದವರಿಗೆ ಹೆಚ್ಚು ಲಾಭ ಕಂಡಿತ್ತು. ಪ್ರತಿನಿತ್ಯವಾದಿಗಳು ಈ ಒಂದು ಪ್ರಯೋಗವನ್ನು ಬಾವುಟದಂತೆ ಹಾರಿಸುತ್ತಾರೆ. ಆದರೆ ಅಲ್ಲಿ ಕೆಲಸ ಇಮ್ಮಡಿಯಾಗಲಿಲ್ಲ, ಹಂಚಿಕೆಯಾಯಿತು ಅಷ್ಟೆ. ಭಾರವೂ ಸರಾಸರಿಯಲ್ಲಿ ಗರಿಷ್ಠದ ಮುಕ್ಕಾಲು ಭಾಗದ ಆಸುಪಾಸಿನಲ್ಲೇ ಇತ್ತು. ಇದನ್ನು ಹೇಳುವಾಗ ಮಾತ್ರ ಅವರ ಗಂಟಲು ಕಟ್ಟುತ್ತದೆ. 2018ರಲ್ಲಿ ಅಮೆರಿಕದಲ್ಲಿ 28 ಮಂದಿ ಅನುಭವಸ್ಥರ ಮೇಲೆ 6 ವಾರ ಇದೇ ಬಗೆಯ ಇನ್ನೊಂದು ಪ್ರಯೋಗ ನಡೆದಾಗ, ಕೆಲಸ ಸಮನಾಗಿದ್ದರೆ 3 ದಿನದವರೂ 6 ದಿನದವರೂ ಸರಿಸಮನಾಗಿ ಬಲ ಗಳಿಸಿದರು. ಅಂದರೆ ಹೆಚ್ಚು ದಿನ ಎಂಬುದು ಅನುಕೂಲವಿದ್ದವರಿಗೆ ಒಂದು ಸೌಕರ್ಯ; ಅದು ಪವಾಡವಲ್ಲ.

ದೇಹದ ಒಳಗಿನ ವ್ಯವಹಾರವನ್ನೂ ಸ್ವಲ್ಪ ನೋಡೋಣ. ಹೊಸಬನಿಗೆ ಮೊದಮೊದಲು ಬರುವ ಬಲ ಬಹುಮಟ್ಟಿಗೆ ನರಗಳದ್ದು: ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳಲು ಮೆದುಳು ಕಲಿಯುತ್ತದೆ. ಆದ್ದರಿಂದಲೇ ಆರಂಭದಲ್ಲಿ ಭಾರ ಸರಸರನೆ ಏರುತ್ತದೆ, ಹುಡುಗ ಉಬ್ಬುತ್ತಾನೆ. ಸ್ನಾಯು ಅದರ ಹಿಂದೆ ಬೆಳೆಯುತ್ತದೆ. ಎಲ್ಲಕ್ಕಿಂತ ಹಿಂದೆ ಉಳಿಯುವುದು ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು; ಅದಕ್ಕೆ ರಕ್ತದ ಸರಬರಾಜು ಕಡಿಮೆ, ಬಲಗೊಳ್ಳಲು ತಿಂಗಳುಗಳೇ ಬೇಕು. ಎಂಜಿನ್ನು ಹೊಸದು, ಹಗ್ಗ ಹಳೆಯದು ಎಂಬ ಸ್ಥಿತಿ. ಹೀಗಿರುವಾಗ ದಿನವೂ ಗರಿಷ್ಠ ಭಾರ ಎಳೆದರೆ ಮೊದಲು ಮಂಡಿ, ಮೊಣಕೈ, ಭುಜ ನೋಯುತ್ತವೆ, ಆಮೇಲೆ ಸೊಂಟ. “ನೋವು ಸಹಜ, ಎತ್ತು” ಎಂದು ಕೋಚ್ ಹೇಳುತ್ತಾನೆ. ಮುಂದೆ ಹುಡುಗ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿರುವಾಗ ಆ ಕೋಚ್ ಪಕ್ಕದಲ್ಲಿರುವುದಿಲ್ಲ, ತಾಯಿ ಇರುತ್ತಾಳೆ.

ನಮ್ಮ ಹುಡುಗರ ದಿನಚರಿಯನ್ನು ಬಲ್ಗೇರಿಯದ ದಿನಚರಿಯ ಪಕ್ಕದಲ್ಲಿ ಇಟ್ಟು ನೋಡಿ. ಡೊಂಬಿವಿಲಿಯಿಂದ ಬೆಳಗಿನ ಫಾಸ್ಟ್ ಗಾಡಿ. ಒಂಟಿಕಾಲಲ್ಲಿ ನಿಂತು ಒಂದು ಗಂಟೆಗೂ ಮೇಲೆ ಪ್ರಯಾಣ. ಎಂಟು ಒಂಬತ್ತು ಗಂಟೆ ದುಡಿಮೆ. ಮತ್ತೆ ಅದೇ ಗಾಡಿ. ಹೋಟೆಲಿನಲ್ಲಿ ದುಡಿಯುವವನಾದರೆ ಇಡೀ ದಿನ ನಿಂತೇ ಕೆಲಸ, ರಾತ್ರಿ ಶಟರ್ ಎಳೆದ ಮೇಲೆ ಜಿಮ್. ಮಧ್ಯಾಹ್ನದ ಊಟ ಎರಡು ವಡಾ ಪಾವ್; ನಿದ್ದೆ ಐದು ಗಂಟೆ; ಒಂದೇ ಕೋಣೆಯಲ್ಲಿ ಆರು ಜನ. ಈ ಹುಡುಗನಿಗೆ ಅಬಾಜಿಯೆವ್‌ನ ವೇಳಾಪಟ್ಟಿ! ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರು ಹೇಡಿಗಳಾಗಿರಲಿಲ್ಲ, ಹಾಸಿಗೆಯನ್ನು ಅಳೆದು ನೋಡಿದವರಾಗಿದ್ದರು.

“ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ದಿನವೂ ಸಾಮು ಮಾಡುತ್ತಿರಲಿಲ್ಲವೇ?” ಎಂದು ಒಬ್ಬ ಹಿರಿಯ ಮಿತ್ರರು ನಮ್ಮನ್ನು ಕೇಳಿದರು. ಮಾಡುತ್ತಿದ್ದರು. ದಂಡ, ಬಸ್ಕಿ, ಗದೆ, ಮಣ್ಣು ಅಗೆಯುವುದು ಎಲ್ಲವೂ ದಿನನಿತ್ಯದ್ದೇ. ಆದರೆ ಮೈಸೂರು ದಸರೆಯ ಕುಸ್ತಿಯನ್ನು ಯಾವ ಪೈಲ್ವಾನನೂ ದಿನವೂ ಆಡಲಿಲ್ಲ. ಬಾಗಲಕೋಟೆ, ವಿಜಯಪುರದ ಕಡೆಯ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂಥ ಜಾತ್ರೆಗೋ ಹಬ್ಬಕ್ಕೋ ನಡೆಯುತ್ತದೆಯೇ ಹೊರತು ಪ್ರತಿ ಸಂಜೆ ಅಲ್ಲ. ದಿನದ ಸಾಮು ಬೇರೆ, ಪಂಥದ ದಿನ ಬೇರೆ ಎಂಬ ವಿವೇಕ ಗರಡಿಗಿತ್ತು. ಹವಾನಿಯಂತ್ರಿತ ಜಿಮ್ಮಿಗೆ ಅದು ಇಲ್ಲವಾಗಿದೆ. ಮಾರ್ಚ್ ಕೊನೆಯ ಲೆಕ್ಕ ಮುಗಿಸುವ ಧಾವಂತವನ್ನು ನಾವು ಗುಮಾಸ್ತರು ವರ್ಷಕ್ಕೊಮ್ಮೆ ತಾಳಿಕೊಳ್ಳುತ್ತೇವೆ. ವರ್ಷದ ಎಲ್ಲ ದಿನವೂ ಮಾರ್ಚ್ 31 ಆದರೆ ಯಾವ ಕಚೇರಿ ಉಳಿದೀತು?

ಅವಸರದವರಿಗೆ ನಮ್ಮವರದೇ ಒಂದು ಉದಾಹರಣೆ ಕೊಡುತ್ತೇವೆ. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ, ಲಾರಿ ಚಾಲಕರ ಮಗ, 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವರ್ಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವರ್ಗದಲ್ಲಿ 269 ಕಿಲೋ ಎತ್ತಿ ಕಂಚು ಗೆದ್ದರು. ಲೆಕ್ಕ ನೋಡಿ: ದೇಹತೂಕದ ವರ್ಗ ಮೇಲೇರಿಯೂ, ದೇಶದ ಅತ್ಯುತ್ತಮ ಲಿಫ್ಟರೊಬ್ಬರ ಆ ಎರಡು ಪದಕಗಳ ನಡುವಿನ ಅಂತರ 4 ವರ್ಷಕ್ಕೆ 20 ಕಿಲೋ. ನಮ್ಮ ಗಲ್ಲಿಯ ಹುಡುಗನಿಗೆ ಗಣಪತಿ ಹಬ್ಬದಿಂದ ದೀಪಾವಳಿಯೊಳಗೆ 20 ಕಿಲೋ ಬೇಕು!

ಈ ಅವಸರದ ಕೊನೆಯ ನಿಲ್ದಾಣ ಸಿರಿಂಜು. ದಿನವೂ ಗರಿಷ್ಠ ಎತ್ತುವವನು ಕೆಲವೇ ವಾರಗಳಲ್ಲಿ ನಿಂತ ನೀರಾಗುತ್ತಾನೆ. ಆಗ ಯಾರೋ ಒಬ್ಬ ಕಿವಿಯಲ್ಲಿ ಪಿಸುಗುಟ್ಟುತ್ತಾನೆ: “ಒಂದು ಕೋರ್ಸ್ ಹಾಕಿಕೋ.” ಯಕೃತ್ತು, ಹೃದಯಗಳಿಗೆ ಆಗುವ ಹಾನಿಯ ಮಾತು ಇರಲಿ; ಹುಡುಗನ ಸ್ವಂತ ಗಂಡುರಸದ ಉತ್ಪತ್ತಿಯೇ ಕುಗ್ಗುತ್ತದೆ ಎಂಬುದೂ ಇರಲಿ; ಯಾವ ನೌಕರಿಯ ಆಸೆಗೆ ಇದೆಲ್ಲ ನಡೆಯಿತೋ ಅದಕ್ಕೇ ಕಲ್ಲು ಬೀಳುತ್ತದೆ. ಸ್ಟಿರಾಯ್ಡ್ ಸಿಕ್ಕಿದರೆ ಸಾಮಾನ್ಯವಾಗಿ 4 ವರ್ಷ ನಿಷೇಧ. ಇಪ್ಪತ್ತೆರಡರ ಹುಡುಗ ಇಪ್ಪತ್ತಾರಕ್ಕೆ ಮರಳಿ ಬರುವಾಗ ಅವನ ಜೊತೆಯವರು ಎಲ್ಲಿರುತ್ತಾರೆ? ಇನ್ನೊಂದು ಮಾತನ್ನೂ ತಂದೆತಾಯಿಗಳು ತಿಳಿದಿರಬೇಕು. ಜಿಮ್ಮಿನವರು ಕೊಡುವ “ಚಾಲೆಂಜ್” ಸರ್ಟಿಫಿಕೇಟುಗಳಿಗೆ ನೌಕರಿಯ ಕಡತದಲ್ಲಿ ಕಾಸಿನ ಬೆಲೆಯಿಲ್ಲ. ರಾಜ್ಯವನ್ನೋ ದೇಶವನ್ನೋ ವಿಶ್ವವಿದ್ಯಾಲಯವನ್ನೋ ಪ್ರತಿನಿಧಿಸಿ, ಮಾನ್ಯತೆ ಪಡೆದ ಸ್ಪರ್ಧೆಯಲ್ಲಿ ಆಡಿರಬೇಕು. ಅಲ್ಲಿಗೆ ತಲುಪುವುದು ವರ್ಷಗಳ ದಾರಿ. ಅಷ್ಟು ವರ್ಷ ಸೊಂಟ ಗಟ್ಟಿಯಾಗಿ ಉಳಿದವನು ಮಾತ್ರ ತಲುಪುತ್ತಾನೆ.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಅಭಿಪ್ರಾಯ ಇಷ್ಟು. ದುಡಿಯುವ, ಓದುವ ಹುಡುಗನಿಗೆ ವಾರಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ದಿನ ಸಾಕು. ರಷ್ಯದ ಪವರ್‌ಲಿಫ್ಟಿಂಗ್ ತಂಡವನ್ನು ಬೆಳೆಸಿದ ಬೋರಿಸ್ ಶೈಕೊ ಅವರ ಹೆಸರಿನ ವೇಳಾಪಟ್ಟಿಗಳಲ್ಲೂ ಬಹುಪಾಲು ಕೆಲಸ ಗರಿಷ್ಠದ ಶೇಕಡ 70ರಿಂದ 80ರ ಸುತ್ತಲೇ ಇರುತ್ತದೆ. ಅಲ್ಲಿ ಬೆಲೆಯಿರುವುದು ಪಟ್ಟು ಶುದ್ಧವಾಗಿರುವುದಕ್ಕೆ, ಅರಚಾಟಕ್ಕಲ್ಲ. ಹೆಚ್ಚು ದಿನ ಬರಲೇಬೇಕೆಂಬ ಆಸೆಯಿದ್ದರೆ ಬರಲಿ, ಆದರೆ ಅದೇ ಕೆಲಸವನ್ನು ಹಂಚಿಕೊಳ್ಳಲಿ. ಗರಿಷ್ಠ ಭಾರ ಸ್ಪರ್ಧೆಯ ದಿನಕ್ಕೂ, ಸಾಕಷ್ಟು ವಾರಗಳ ಅಂತರದ ಪರೀಕ್ಷೆಗೂ ಮೀಸಲಿರಲಿ. ಭವಿಷ್ಯನಿಧಿಗೆ ತಿಂಗಳು ತಿಂಗಳು ಕಟ್ಟುವವರು ದಿನವೂ ಹೋಗಿ ಹಣ ತೆಗೆಯುವುದಿಲ್ಲವಷ್ಟೆ! ನಿನ್ನೆ ಸುಲಭವಾಗಿ ಏರಿದ ಭಾರ ಇಂದು ತೆವಳಿದರೆ, ನಿದ್ದೆ ಕೆಟ್ಟರೆ, ಹಸಿವು ಹೋದರೆ, ಒಂದೇ ಕೀಲು ವಾರವಿಡೀ ನೋಯುತ್ತಿದ್ದರೆ ಅದು ಹೇಡಿತನದ ಲಕ್ಷಣವಲ್ಲ, ದೇಹ ಬರೆದ ಮೆಮೊ. ಅದಕ್ಕೆ ಉತ್ತರ ಕೊಡಲೇಬೇಕು. ಸಾವಿರಾರು ರೂಪಾಯಿಯ ಪುಡಿ ಡಬ್ಬದ ಮೊದಲು ಮನೆಯ ಬೇಳೆ, ಹಾಲು, ಮೊಟ್ಟೆ, ಮೀನು ಹೊಟ್ಟೆಗೆ ಬೀಳಲಿ. ಏಳೆಂಟು ಗಂಟೆ ನಿದ್ದೆ ಸಿಗಲಿ.

ಮನೆಯವರಿಗೂ ಒಂದು ವಿನಂತಿ. ಮಗನ ಜಿಮ್ಮಿಗೆ ಒಂದು ಸಲವಾದರೂ ಹೋಗಿ ಬನ್ನಿ. ಫೀ ಎಷ್ಟು ಎಂದು ಕೇಳಿದಷ್ಟೇ ಸಹಜವಾಗಿ, “ಇವನು ವಾರಕ್ಕೆ ಎಷ್ಟು ದಿನ ಎತ್ತುತ್ತಾನೆ, ಎಷ್ಟು ಎತ್ತುತ್ತಾನೆ, ಯಾವಾಗ ವಿಶ್ರಾಂತಿ?” ಎಂದು ಕೇಳಿ. ಬರೆದಿಟ್ಟ ಲೆಕ್ಕ ತೋರಿಸಲಾಗದ ಕೋಚ್‌ನಿಂದ ಮಗನನ್ನು ಬಿಡಿಸಿ. ನಮ್ಮ ಸಂಘದ ಕಾರ್ಯಕಾರಿ ಸಮಿತಿಯವರೂ ವಾರ್ಷಿಕ ಕ್ರೀಡೋತ್ಸವದ ಭಾರ ಎತ್ತುವ ಸ್ಪರ್ಧೆಯಲ್ಲಿ ಕೇವಲ ಕಿಲೋ ನೋಡಿ ಬಹುಮಾನ ಕೊಡದೆ, ಅನುಭವಿ ತೀರ್ಪುಗಾರರನ್ನು ಕೂರಿಸಿ ಪಟ್ಟು ಶುದ್ಧವಿಲ್ಲದ ಎತ್ತುವಿಕೆಯನ್ನು ತಳ್ಳಿಹಾಕುವ ಧೈರ್ಯ ತೋರಿಸಲಿ. ಚಪ್ಪಾಳೆ ಸ್ವಲ್ಪ ಕಡಿಮೆಯಾದೀತು. ಆದರೆ ನಲವತ್ತರ ಪ್ರಾಯದಲ್ಲಿ ಲೋಕಲ್ ಗಾಡಿಯ ಮೆಟ್ಟಿಲು ಹತ್ತಲು ಕಂಬಿ ಹಿಡಿದು ನರಳುವವರೂ ಕಡಿಮೆಯಾಗುತ್ತಾರೆ.